ಬನಶಂಕರೆವ್ವನ ಚೀಟಿ

೧೫ ಜನವರಿ ೨೦೨೫, ಬುಧವಾರ. ಸಂಜೆ ೬

ವಿನೆಗರ್ ಅಳೆದು ಬಾಟಲಿಗೆ ತುಂಬಿದ್ದಾಯಿತು. ಹತ್ತಿ ಸುತ್ತಿದ ಕಡ್ಡಿ ಮೂರು ಕಟ್ಟು. ಟಾರ್ಚಿಗೆ ಹೊಸ ಸೆಲ್. ಒಳಗೆ ನೋಡುವ, ಕೊಕ್ಕಿನಂತೆ ತೆರೆಯುವ ಉಪಕರಣಗಳನ್ನು ಕುದಿಸಿ, ಒಣಗಿಸಿ, ಬಟ್ಟೆಯಲ್ಲಿ ಸುತ್ತಿಟ್ಟೆ. ಆಶಾ ಕಾರ್ಯಕರ್ತೆ ಅಮೀನಬಿ ಅವಕ್ಕೆ ಬಾತುಕೋಳಿ ಅಂತ ಹೆಸರಿಟ್ಟಿದ್ದಾಳೆ. "ಬಾತುಕೋಳಿ ಬಾಯಿ ತೆಗೀತೈತಿ, ಸಪ್ನಾ ಸಿಸ್ಟರ್ ಒಳಗ ಹಣಿಕಿ ಹಾಕ್ತಾರ, ಆತು" — ಓಣಿ ಓಣಿಯಲ್ಲಿ ಇದೇ ಅವಳ ಭಾಷಣ. ನನ್ನ ಚಾರ್ಟು, ಬಣ್ಣದ ಚಿತ್ರ ಯಾವುದೂ ಅಷ್ಟು ಕೆಲಸ ಮಾಡಿಲ್ಲ.

ನಾಳೆ ಬೆಟಗೇರಿಯ ನೇಕಾರರ ಓಣಿಯಲ್ಲಿ ಕ್ಯಾಂಪ್. ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ. ಮೂವತ್ತು ದಾಟಿದವರೆಲ್ಲ ಬರಬೇಕು. ಎರಡು ತಿಂಗಳು ಮನೆ ಮನೆ ತಿರುಗಿದ್ದೇವೆ. ಸಿಕ್ಕ ಉತ್ತರಗಳು: "ನನಗೇನಾಗೈತಿ?" "ಮಕ್ಕಳಾಗೂದು ನಿಂತು ಹತ್ತು ವರ್ಷಾತು, ಇನ್ನೇನ ನೋಡ್ತೀರಿ?" "ನೋಡಿದ್ರನ ರೋಗ ಬರ್ತೈತಿ." ಕೊನೆಯದನ್ನು ಹೇಳಿದವಳು ಡಿಗ್ರಿ ಓದಿದವಳು. ಸಿಟ್ಟು ಬಂತು. ನುಂಗಿಕೊಂಡೆ.

ಮೇಲಿನಿಂದ ಮೆಸೇಜ್ — ಕನಿಷ್ಠ ನಲವತ್ತು ಮಂದಿ ಆಗಬೇಕು. ನಾಲ್ವರು ಬಂದರೆ ಪುಣ್ಯ.

೧೬ ಜನವರಿ, ಗುರುವಾರ. ಸಂಜೆ ೭

ನಲವತ್ತೊಂದು. ಎರಡು ಸಲ ಎಣಿಸಿದೆ. ಬೆರಳು ನೋಯುತ್ತಿವೆ, ಅಕ್ಷರ ಸೊಟ್ಟ.

ಸಂಕ್ರಾಂತಿ ಆಗಿ ಎರಡೇ ದಿನ. ಹಬ್ಬದ ಸೀರೆ ಉಟ್ಟು, ಕುಸುರೆಳ್ಳು ಹಂಚುತ್ತ ಬಂದರು. ಲಗ್ನದ ಮನೆಗೆ ಬಂದ ಹಾಗೆ.

ಫಾರ್ಮ್ ತುಂಬುವುದರಲ್ಲೇ ಹೊತ್ತು ಹೋಯಿತು. ಹೆಸರು, ವಯಸ್ಸು, ಗಂಡನ ಹೆಸರು. ಗಂಡನ ಹೆಸರು ಹೇಳಿ ಅಂದರೆ ಇಡೀ ಸಾಲು ಬಾಯಿಗೆ ಸೆರಗು ಇಟ್ಟುಕೊಳ್ಳುತ್ತದೆ. "ನಮ್ಮ ಮನ್ಯಾವ್ರು" ಅಂದಳೊಬ್ಬಳು. ಅದನ್ನೇ ಬರೆಯಲೇ? ಇವಳ ಗಂಡನ ಹೆಸರು ಪಕ್ಕದವಳು ಹೇಳಬೇಕು, ಪಕ್ಕದವಳ ಗಂಡನ ಹೆಸರು ಅವಳ ಪಕ್ಕದವಳು. ಹೇಳುವವರು ಸಿಗದಿದ್ದಾಗ ಆ ಜಾಗ ಖಾಲಿ ಬಿಟ್ಟು ಮುಂದೆ ಹೋದೆ. ಅಮೀನಬಿಗೆ ಓಣಿಯ ಗಂಡಂದಿರೆಲ್ಲರ ಹೆಸರೂ ಬಾಯಿಪಾಠ. ಸಂಜೆ ಕೇಳಿ ತುಂಬಿದರಾಯಿತು ಅಂದುಕೊಂಡೆ.

ಪರದೆ. ಮೇಜು. ಮಂಡಿಯ ಮೇಲೆ ಬಿಳಿ ಬಟ್ಟೆ. ಟಾರ್ಚ್. ವಿನೆಗರ್ ಹಚ್ಚಿ ಒಂದು ನಿಮಿಷ ಕಾಯುವುದು, ಅಷ್ಟೇ. ಉಪ್ಪಿನಕಾಯಿಗೆ ಹಾಕುವಂಥ ಹುಳಿ ನೀರು. ಹತ್ತು ವರ್ಷದ ನಂತರ ಬರಬಹುದಾದ ರೋಗದ ಜಾಗವನ್ನು ಇವತ್ತೇ ಬೆಳ್ಳಗೆ ಮಾಡಿ ತೋರಿಸುತ್ತದೆ. ಟ್ರೈನಿಂಗಿನಲ್ಲಿ ಮೊದಲ ಸಲ ನೋಡಿದಾಗ ಮೈ ಜುಂ ಎಂದಿತ್ತು. ಇವತ್ತೂ ಎಂದಿತು. ಹೆಚ್ಚಿನವರದು ಗುಲಾಬಿ ಬಣ್ಣ, ನುಣುಪು, ನಡುವೆ ಸಣ್ಣದೊಂದು ಬಾಯಿ. ಒಬ್ಬರದು ಇದ್ದ ಹಾಗೆ ಇನ್ನೊಬ್ಬರದಿಲ್ಲ. ಹೊರಗೆ ಸೈಕಲ್ ಬೆಲ್ ಹೊಡೆಯುವವರು, ಜಗಳ ಮಾಡುವವರು, ಸಾಹೇಬರಾದವರು ಎಲ್ಲರೂ ಇಂಥದೇ ಒಂದು ಬಾಗಿಲು ದಾಟಿ ಬಂದವರು. ಅದನ್ನು ನೆನೆದರೆ ಟಾರ್ಚ್ ಹಿಡಿದ ಕೈ ತಾನಾಗಿ ಮೆತ್ತಗಾಗುತ್ತದೆ.

ಒಬ್ಬರದು ಮಾತ್ರ... ಗಡಿಯಾರದಲ್ಲಿ ಹತ್ತು ಗಂಟೆ ಇರುವ ಕಡೆ, ಬಿಳಿ ಕಲೆ. ದಪ್ಪ. ಅಂಚು ಸ್ಪಷ್ಟ. ಕ್ಯಾನ್ಸರ್ ಅಂತ ಅಲ್ಲ. ಆದರೆ ದೊಡ್ಡ ಆಸ್ಪತ್ರೆಗೆ ಕಳಿಸಲೇಬೇಕು. ಆಗಲೇ ಹೇಳಬೇಕಿತ್ತು. ಹೊರಗೆ ಇನ್ನೂ ಇಪ್ಪತ್ತು ಮಂದಿ. ಒಬ್ಬಳು ಅಳುತ್ತ ಹೊರಗೆ ಬಂದರೆ ಇಪ್ಪತ್ತೂ ಜನ ಎದ್ದು ಹೋಗುತ್ತಾರೆ. "ನಾಳೆ ಮನಿಗೆ ಬಂದು ಹೇಳ್ತೀನ್ರಿ" ಅಂದೆ. ಅವಳು ಸೀರೆ ಸರಿ ಮಾಡಿಕೊಂಡು ಹೋದಳು. ಚೀಟಿಯ ಮೂಲೆಯಲ್ಲಿ ಕೆಂಪು ಗುರುತು ಹಾಕಿದೆ.

ಚೀಟಿ ಈಗ ಮುಂದಿದೆ. ಬನಶಂಕರೆವ್ವ. ವಯಸ್ಸು ನಲವತ್ತರ ಮೇಲೆ. ಗಂಡನ ಹೆಸರು ಖಾಲಿ. ನೇಕಾರರಿಗೆ ಬನಶಂಕರಿ ಕುಲದೇವತೆ, ಮೂರು ಮನೆಗೊಬ್ಬಳು ಬನಶಂಕರೆವ್ವ. ಅಮೀನಬಿಗೆ ಫೋನ್ ಮಾಡಿದೆ. "ಬಾಬಣ್ಣನ ಹೆಂಡ್ತಿ, ಮತ್ಯಾರ? ಉಳಿದ ಬನಶಂಕರೆವ್ವಗಳು ಯಾರೂ ಇವತ್ತ ಬರಲಿಲ್ಲ." ಖಾಲಿ ಜಾಗದಲ್ಲಿ ಬಾಬಣ್ಣ ಅಂತ ಬರೆದೆ.

೧೭ ಜನವರಿ, ಶುಕ್ರವಾರ. ಮಧ್ಯಾಹ್ನ ೨

ಹೇಳಿ ಬಂದೆ.

ಎರಡು ಕೋಣೆಯ ಮನೆ, ಒಂದನ್ನು ಮಗ್ಗವೇ ತುಂಬಿದೆ. ಬಾಬಣ್ಣ ಹೊರಗೆ ಹೋಗಿದ್ದ. ಬನಶಂಕರೆವ್ವ ರಾಟೆಯ ಮುಂದೆ ಕೂತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾನು ಸುತ್ತಿ ಬಳಸಿ ಮಾತು ಶುರು ಮಾಡಿದ್ದು ನೋಡಿ ಅವಳೇ ಅಂದಳು, "ನಿಮ್ಮ ಎದಿ ಗಟ್ಟಿ ಮಾಡ್ಕೊಂಡು ಹೇಳ್ರಿ ಸಿಸ್ಟರ್. ನಂದು ಗಟ್ಟಿನ ಐತಿ."

ಹೇಳಿದೆ. ರಾಟೆ ನಿಲ್ಲಲಿಲ್ಲ.

"ಸಾಯ್ತೀನೇನ್ರಿ?"

"ಇಲ್ಲಕ್ಕಾ. ಕ್ಯಾನ್ಸರ್ ಅಂತ ಅಲ್ಲ. ಆಗೂಕಿಂತ ಮೊದಲ ಕಂಡೈತಿ ಅಷ್ಟ."

"ಹಂಗಂದ್ರ ಛಲೋನ ಆತಲ್ಲ. ಎಳಿ ಕಡದಿದ್ದು ಮಗ್ಗದಾಗ ಇರೂಮುಂದ ಕಂಡ್ರ ಗಂಟು ಹಾಕಬಹುದು. ಸೀರಿ ಮಡಚಿ ಇಟ್ಟ ಮ್ಯಾಲ ಕಂಡ್ರ ಏನ ಮಾಡೂದು?"

ನಾನು ಎರಡು ತಿಂಗಳು ಚಾರ್ಟ್ ಹಿಡಿದು ಹೇಳಿದ್ದನ್ನು ಒಂದು ಉಸಿರಿನಲ್ಲಿ ಹೇಳಿಬಿಟ್ಟಳು. ಬಾಗಿಲ ತನಕ ಬಂದು ನಗುತ್ತ ಕಳಿಸಿಕೊಟ್ಟಳು. ಚಪ್ಪಲಿ ಹಾಕಿಕೊಳ್ಳುವಾಗ ತಿರುಗಿ ನೋಡಿದೆ. ತುಂಡಾದ ನೂಲಿಗೆ ಗಂಟು ಹಾಕಲು ನೋಡುತ್ತಿದ್ದಳು, ಬೆರಳಿಗೆ ಸಿಗುತ್ತಲೇ ಇರಲಿಲ್ಲ.

೨೬ ಜನವರಿ, ಭಾನುವಾರ

ಬಾವುಟ ಹಾರಿಸಿ ಬರುವಾಗ ಬಾಬಣ್ಣ ಸಿಕ್ಕ. ಊಟ ಬಿಟ್ಟಿದ್ದಾಳಂತೆ. ಯಾವ ಡಬ್ಬಿಯಲ್ಲಿ ಏನಿದೆ ಅಂತ ಅವನಿಗೆ ತೋರಿಸಿಕೊಡುತ್ತಿದ್ದಾಳಂತೆ. "ಉಪ್ಪಿನ ಡಬ್ಬಿ ಯಾವುದು ಅಂತ ನಂಗ ಯಾಕ ಬೇಕ್ರಿ ಸಿಸ್ಟರ್?" ಅಂದ. ದೊಡ್ಡ ಆಸ್ಪತ್ರೆಯ ತಾರೀಖು ಫೆಬ್ರವರಿ ಆರಕ್ಕೆ ಸಿಕ್ಕಿದೆ.

೬ ಫೆಬ್ರವರಿ, ಗುರುವಾರ. ಸಂಜೆ ೫

ಏನೂ ಇಲ್ಲ. ಡಾಕ್ಟರ್ ಮೇಡಂ ದೊಡ್ಡ ಮಷಿನಿನಲ್ಲಿ ನೋಡಿದರು. ಪೂರಾ ಗುಲಾಬಿ. "ಕೆಲವು ಸಲ ಕಣ್ಣಿಗೆ ಹಾಗೆ ಕಾಣುತ್ತೆ, ಬೇಜಾರು ಮಾಡಿಕೊಳ್ಳಬೇಡಿ" ಅಂದರು.

ಬನಶಂಕರೆವ್ವ ಕಾರಿಡಾರಿನಲ್ಲಿ ಕೂತು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಹಸಿವು ಅಂದಳು. ಬಸ್‌ಸ್ಟ್ಯಾಂಡ್ ಹತ್ತಿರ ಎಲ್ಲರಿಗೂ ಮಂಡಕ್ಕಿ ಗಿರಮಿಟ್, ಮಿರ್ಚಿ ಬಜ್ಜಿ ತಿನ್ನಿಸಿದಳು. ಮೂರು ವಾರದ ಹಸಿವು. ನೋಡುತ್ತ ಕೂತೆ, ನನಗೆ ಒಂದು ತುತ್ತೂ ಇಳಿಯಲಿಲ್ಲ.

ಕಣ್ಣಿಗೆ ಹಾಗೆ ಕಂಡಿದ್ದಲ್ಲ. ಅಂಚು ಇತ್ತು. ಹತ್ತು ಗಂಟೆಯ ಕಡೆ. ನಾನು ನೋಡಿದ್ದೇನೆ.

೮ ಫೆಬ್ರವರಿ, ಶನಿವಾರ. ಬೆಳಿಗ್ಗೆ ೧೧

ನಲವತ್ತೊಂದು ಚೀಟಿಗಳನ್ನೂ ನೆಲದ ಮೇಲೆ ಹರಡಿದೆ.

ಸರಿ ಇದ್ದವರ ಕಟ್ಟಿನಲ್ಲಿ ಒಂದು — ಬನಶಂಕರೆವ್ವ, ಗಂಡ ಬಾಬಣ್ಣ. ಕ್ಯಾಂಪಿನಲ್ಲೇ ಪಕ್ಕದವಳು ಹೇಳಿ ಬರೆಸಿದ್ದು. ಕೆಂಪು ಗುರುತಿನದು ಇನ್ನೊಂದು — ಬನಶಂಕರೆವ್ವ, ಗಂಡ ಬಾಬಣ್ಣ. ಸಂಜೆ ನಾನೇ ತುಂಬಿದ್ದು. ಒಬ್ಬ ಬಾಬಣ್ಣ, ಇಬ್ಬರು ಬನಶಂಕರೆವ್ವ. ಅಮೀನಬಿಗೆ ಫೋನ್ ಹಚ್ಚಿದೆ.

ಅಮೀನಬಿ ಮನೆ ಮನೆ ಕೇಳಿಕೊಂಡು ಬಂದಳು. ಕೆಂಪು ಗುರುತಿನವಳು ನೇಕಾರರ ಓಣಿಯ ನಾಗರತ್ನಾಳ ಅಕ್ಕ. ಅವಳ ಹೆಸರೂ ಬನಶಂಕರೆವ್ವ. ಮುಂಡರಗಿ ಆಚೆಯ ಕೊರ್ಲಹಳ್ಳಿಗೆ ಕೊಟ್ಟಿದ್ದಾರೆ. ಸಂಕ್ರಾಂತಿಗೆ ತವರಿಗೆ ಬಂದವಳನ್ನು ತಂಗಿ ಕ್ಯಾಂಪಿಗೆ ಎಳೆದುಕೊಂಡು ಬಂದಿದ್ದಾಳೆ. ನಾನು ಅಕ್ಕನ ಚೀಟಿ ಬರೆಯುವಾಗ ನಾಗರತ್ನಾ ಪರದೆಯ ಒಳಗಿದ್ದಳು. ಗಂಡನ ಹೆಸರು ಹೇಳುವವರು ಯಾರೂ ಇರಲಿಲ್ಲ. ಮರುದಿನವೇ ಊರಿಗೆ ಹೋಗಿದ್ದಾಳೆ. "ಸಿಸ್ಟರ್ ಬರ್ಲಿಲ್ಲ ಅಂದ್ರ ಎಲ್ಲಾ ಛಲೋ ಐತಿ ಅಂದಂಗ" ಅಂದಳಂತೆ.

ಒಂದು ವಿಷಯ ಬರೆಯದಿದ್ದರೆ ಇವತ್ತು ನಿದ್ದೆ ಬರುವುದಿಲ್ಲ. ಆ ಕಲೆಯನ್ನು ಈಗಲೂ ಕಾಗದದ ಮೇಲೆ ತಪ್ಪಿಲ್ಲದೆ ಬಿಡಿಸಿ ತೋರಿಸಬಲ್ಲೆ. ಅವಳ ಮುಖ ನೆನಪಿಲ್ಲ. ಟಾರ್ಚ್ ಹಿಡಿದು ಅಷ್ಟು ಒಳಗೆ ನೋಡಿದವಳು ಮುಖ ನೋಡಿಲ್ಲ. ನಾಚಿಕೆಯಾಗುತ್ತಿದೆ.

೯ ಫೆಬ್ರವರಿ, ಭಾನುವಾರ. ಬೆಳಿಗ್ಗೆ ೧೦

ಬೆಟಗೇರಿ ಬನಶಂಕರೆವ್ವನ ಮನೆಗೆ ಹೋದೆ. ತಪ್ಪು ನನ್ನದು ಅಂದೆ. ನಿಮ್ಮದಲ್ಲದ ಚೀಟಿ ಕೊಟ್ಟು ಮೂರು ವಾರ ಅನ್ನ ನೀರು ಬಿಡಿಸಿದೆ ಅಂದೆ. ಇನ್ನೊಬ್ಬಳ ಹೆಸರು ಹೇಳಬಾರದು ಅನ್ನುವುದು ನಿಯಮ. ಆದರೆ ಆ ಹೆಸರು ಇವಳದೇ. ಹೇಗೆ ಮುಚ್ಚಿಡುವುದು? ಹೆಸರು, ಊರು ಎರಡನ್ನೂ ಹೇಳಿಬಿಟ್ಟೆ.

ಬೈಯಲಿ ಅಂತ ಕಾಯುತ್ತಿದ್ದೆ.

"ಅಂದ್ರ ಅಕಿಗೆ ಇನ್ನೂ ಗೊತ್ತಿಲ್ಲ."

"ಇಲ್ಲಕ್ಕಾ."

"ಮೂರು ವಾರ ದಾಟಿತು."

"ಹೂಂ."

ಎದ್ದಳು. ಮೊಳೆಗೆ ತೂಗುಹಾಕಿದ್ದ ಚೀಲ ತೆಗೆದು ಒಳಗಿದ್ದದ್ದನ್ನು ಸುರುವಿದಳು. "ನಾಳೆ ಮುಂಡರಗಿ ಬಸ್ಸು ಎಷ್ಟಕ್ಕೈತಿ?"

"ಅಕ್ಕಾ, ನೀವ್ಯಾಕ..."

"ನೀ ಹೋಗಿ ಹೇಳಿದ್ರ ಅಕಿ ಬರಂಗಿಲ್ಲ ತಂಗಿ. ನೀ ಸರ್ಕಾರದಾಕಿ. ನಿನ್ನ ಬೈಯೂದು ಬಾಕಿ ಐತಿ, ಬರೂಮುಂದ ಬಸ್ಸಿನ್ಯಾಗ ಬೈತೀನಿ."

ಸಿಸ್ಟರ್ ಹೋಗಿ ತಂಗಿ ಆಗಿತ್ತು. ಯಾವಾಗ ಬದಲಾಯಿತು, ಗೊತ್ತಾಗಲಿಲ್ಲ. ನರ್ಸಿಂಗ್ ಓದಿದ ನಾಲ್ಕು ವರ್ಷದಲ್ಲಿ ಇಂಥ ಮನುಷ್ಯಳು ಇರುತ್ತಾಳೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳ ಎದುರು ನಾನು ಬಹಳ ಸಣ್ಣವಳು ಅನ್ನಿಸಿತು. ಬೇಜಾರಾಗಲಿಲ್ಲ. ಹಾಗೆ ಅನ್ನಿಸಿದ್ದು ಛಲೋ ಇತ್ತು.

೧೦ ಫೆಬ್ರವರಿ, ಸೋಮವಾರ. ಸಂಜೆ ೭

ಕೊರ್ಲಹಳ್ಳಿ. ಮುಂಡರಗಿಯಲ್ಲಿ ಬಸ್ ಬದಲಿಸಿ ಹೋಗಿ ಇಳಿದಾಗ ಹನ್ನೊಂದೂವರೆ. ಹೊಳೆಯ ಕಡೆಯಿಂದ ತಂಪು ಗಾಳಿ.

ಕೊರ್ಲಹಳ್ಳಿ ಬನಶಂಕರೆವ್ವ ಬಾಗಿಲು ತೆರೆದಳು. ಮುಖ ಸರಿಯಾಗಿ ನೋಡಿದೆ. ಉದ್ದ ಮುಖ, ಎಡಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ, ಮಾತಿಗಿಂತ ಮೊದಲು ನಗುವ ಬಾಯಿ. ಗಂಡ ಅಂದಾನಪ್ಪ ಮುಂಡರಗಿಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗಿದ್ದ. ಮಗಳು ದುರ್ಗಾ ಒಳಗೆ ಕುಪ್ಪಸ ಹೊಲಿಯುತ್ತಿದ್ದಳು. ಮೇ ತಿಂಗಳಲ್ಲಿ ಅವಳ ಲಗ್ನ. ಅಡುಗೆ ಕೋಣೆಯಲ್ಲಿ ಮೆಲ್ಲಗೆ ವಿಷಯ ಹೇಳಿದೆ. ನಗು ಹೋಯಿತು.

"ನನಗೇನೂ ಆಗಿಲ್ರಿ. ನೋವಿಲ್ಲ, ಬಿಳಿ ಹೋಗಂಗಿಲ್ಲ, ಏನಿಲ್ಲ."

"ಏನೂ ಆಗೂಕಿಂತ ಮೊದಲ ತೆಗದ ಬಿಡೂಣು ಅಂತನ ಬಂದೇನ್ರಿ."

"ಮೆಲ್ಲಕ ಮಾತಾಡ್ರಿ." ಹೊಲಿಗೆ ಯಂತ್ರದ ಸದ್ದಿನ ಕಡೆ ನೋಡಿದಳು. "ಆ ಹೆಸರು ಈ ಮನ್ಯಾಗ ಬಂತಂದ್ರ ಬೀಗರು ಏನಂತಾರ? ತಾಯಿಗಿದ್ದದ್ದು ಮಗಳಿಗೂ ಬರ್ತೈತಿ ಅಂತಾರ. ಲಗ್ನ ಆಗಲಿ. ಆಮ್ಯಾಲ ನೋಡೂಣು."

ಇದು ತಾಯಿಯಿಂದ ಮಗಳಿಗೆ ಬರುವ ರೋಗವಲ್ಲ, ವೈರಸ್ಸಿನಿಂದ ಬರುತ್ತದೆ, ಈಗ ಹುಡುಗಿಯರಿಗೆ ಲಸಿಕೆಯೂ ಇದೆ ಅಂದೆ. ಕಿವಿಗೆ ಹೋಗಲಿಲ್ಲ. ಲಗ್ನ ಆಗಲಿ. ಅದೊಂದೇ ಮಾತು.

ಆಗ ಬೆಟಗೇರಿ ಬನಶಂಕರೆವ್ವ ಒಲೆಯ ಹತ್ತಿರ ಹೋಗಿ ಕೂತಳು.

"ನನ್ನ ಹೆಸರೂ ಬನಶಂಕರೆವ್ವನ. ಮೂರು ವಾರ ನಿನ್ನ ಚೀಟಿ ನಾ ಹೊತ್ಕೊಂಡು ತಿರಗೇನಿ. ಗಂಡಗ ಉಪ್ಪಿನ ಡಬ್ಬಿ ತೋರಿಸೇನಿ. ಆ ಮಷಿನ್ನಿನ ಕೆಳಗ ಮಕ್ಕೊಂಡು ಬಂದೇನಿ. ನೋಯಂಗಿಲ್ಲ. ಅಂಜಿಕಿ ಎಲ್ಲಾ ನಿನ್ನ ಪಾಲಿಂದೂ ನಾ ಪಟ್ಟು ಮುಗಿಸೇನಿ. ನಿನಗ ಉಳದದ್ದು ಬರೇ ಬಸ್ಸ ಹತ್ತೂದು." ಚೀಲದಿಂದ ಕೆಂಪು ಗುರುತಿನ ಚೀಟಿ ತೆಗೆದಳು. ಬೆಳಿಗ್ಗೆಯೇ ನನ್ನಿಂದ ಇಸಿದುಕೊಂಡಿದ್ದಳು. "ಇನ್ನ ನೀ ತಗೋ."

ಯಂತ್ರದ ಸದ್ದು ನಿಂತಿತ್ತು. ದುರ್ಗಾ ಬಾಗಿಲಲ್ಲಿ. ಎಲ್ಲ ಕೇಳಿಸಿಕೊಂಡಿದ್ದಾಳೆ.

"ಲಗ್ನದಾಗ ನನ್ನ ಕೈ ಹಿಡದು ಕೊಡೋರು ಯಾರಬೇ? ನೀ ಹೋಗಿ ಬಾ" ಅಂದಳು ಹುಡುಗಿ. ಅಷ್ಟೇ ಅಂದು ಒಳಗೆ ಹೋದಳು. ಯಂತ್ರ ಮತ್ತೆ ಶುರುವಾಯಿತು.

ತಾಯಿ ಚೀಟಿ ಇಸಿದುಕೊಂಡು ಕುಪ್ಪಸದೊಳಗೆ ಇಟ್ಟುಕೊಂಡಳು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ವಾಪಸ್ ಬರುವಾಗ ಬೆಟಗೇರಿ ಬನಶಂಕರೆವ್ವ ಮಾತು ಉಳಿಸಿಕೊಂಡಳು. ಮುಂಡರಗಿಯಿಂದ ಡಂಬಳದ ತನಕ ಬೈದಳು. ಡಂಬಳ ದಾಟಿದ ಮೇಲೆ ನನ್ನ ಭುಜಕ್ಕೆ ಒರಗಿ ಮಲಗಿದಳು. ಅಲುಗಾಡದೆ ಕೂತೆ, ಗದಗ ಬರುವ ತನಕ.

೧೪ ಫೆಬ್ರವರಿ

ಫೋನಿಲ್ಲ.

೧೭ ಫೆಬ್ರವರಿ

ಇಲ್ಲ. ನಾನು ಮಾಡಿದರೆ ರಿಂಗಾಗಿ ನಿಲ್ಲುತ್ತದೆ.

೨೦ ಫೆಬ್ರವರಿ, ಗುರುವಾರ. ಮಧ್ಯಾಹ್ನ ೩

ಬಂದಳು. ಒಂಬತ್ತಕ್ಕೆ ದೊಡ್ಡ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಳು, ಪಕ್ಕದಲ್ಲಿ ಅಂದಾನಪ್ಪ. ಅವನಿಗೆ ಹತ್ತು ದಿನ ಹೇಳಲಾಗದೆ ಒದ್ದಾಡಿದಳಂತೆ. ಕೊನೆಗೆ ದುರ್ಗಾನೇ ಹೇಳಿದಳಂತೆ. "ನನಗ ಮೊದಲ ಹೇಳಿದ್ರ ಅವತ್ತ ಕರ್ಕೊಂಡು ಬರ್ತಿದ್ದೆ" ಅಂದ. ಆ ಮನುಷ್ಯನನ್ನು ನಾವು ಮೂವರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮೇಡಂ ನನ್ನನ್ನೂ ಒಳಗೆ ಕರೆದರು. ಮಷಿನಿನ ಪರದೆಯ ಮೇಲೆ ಕಲೆ ದೊಡ್ಡದಾಗಿ ಕಂಡಿತು. ಹತ್ತು ಗಂಟೆಯ ಕಡೆ. ಅದೇ ಅಂಚು. ಅಲ್ಲೇ ಇತ್ತು, ನಾನು ಮಾಡಿದ ತಪ್ಪು ತನಗೆ ಸಂಬಂಧವೇ ಇಲ್ಲ ಅನ್ನುವ ಹಾಗೆ. ಟೆಸ್ಟಿಗೆ ಒಂದು ಸಣ್ಣ ಚೂರು ತೆಗೆದರು. ಆಮೇಲೆ ಪೆನ್ನಿನಷ್ಟು ದಪ್ಪದ ಕಡ್ಡಿಯನ್ನು ಕಾಯಿಸಿ ಆ ಜಾಗಕ್ಕೆ ಇಟ್ಟರು. ಒಂದು ನಿಮಿಷವೂ ಆಗಲಿಲ್ಲ. ಹತ್ತು ವರ್ಷ ಕಾದು ಒಂದು ಮನೆಯನ್ನು ಮುರಿಯಬಹುದಾಗಿದ್ದದ್ದು — ನಾನು ಉಸಿರು ಬಿಡುವುದರೊಳಗೆ ಮುಗಿದಿತ್ತು. ನನ್ನ ಕಣ್ಣಲ್ಲಿ ನೀರು. ಮಾಸ್ಕ್ ಒಳಗೆ ಇಳಿಯಿತು, ಯಾರಿಗೂ ಕಾಣಲಿಲ್ಲ.

ಹೊರಗೆ ಬೆಟಗೇರಿ ಬನಶಂಕರೆವ್ವ ಕೊರ್ಲಹಳ್ಳಿಯವಳ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಯಾರೂ ಕರೆದಿರಲಿಲ್ಲ.

೬ ಮಾರ್ಚ್, ಗುರುವಾರ

ರಿಪೋರ್ಟ್ ಬಂತು. ಕ್ಯಾನ್ಸರ್ ಇಲ್ಲ. ಆಗುವ ಹಾದಿಯಲ್ಲಿತ್ತು. ಸುಟ್ಟಿದ್ದು ಸಾಕು. ಒಂದು ವರ್ಷ ಬಿಟ್ಟು ಮತ್ತೆ ನೋಡಬೇಕು. ಕೊರ್ಲಹಳ್ಳಿಗೆ ಫೋನ್ ಮಾಡಿ ಹೇಳಿದೆ. ಇನ್ನೊಂದು ಸಲ ಹೇಳಿಸಿಕೊಂಡಳು. ಆಮೇಲೆ, "ಊಟ ಆತೇನ್ರಿ ನಿಮ್ಮದು?" ಅಂದಳು.

೧೨ ಮಾರ್ಚ್, ಬುಧವಾರ. ಸಂಜೆ

ಎರಡನೇ ಕ್ಯಾಂಪ್. ಐವತ್ತಾರು. ಈ ಸಲ ನನ್ನದೊಂದು ಹಟ — ಗಂಡನ ಹೆಸರು ಅವರವರೇ ಹೇಳಬೇಕು, ಖಾಲಿ ಬಿಡುವ ಮಾತೇ ಇಲ್ಲ. ಮತ್ತೆ ಎಲ್ಲರ ಬಾಯಿಗೂ ಸೆರಗು. ಅಮೀನಬಿ ದಾರಿ ಹುಡುಕಿದಳು. "ಲಗ್ನದಾಗ ಗಂಡನ ಹೆಸರು ಪ್ರಾಸಕ್ಕ ಕೂಡಿಸಿ ಒಡಪು ಹಾಕಿ ಹೇಳಿರಿಲ್ಲೋ? ಹಂಗ ಹೇಳ್ರಿ."

ನೆರವಿಗೆ ಬಂದಿದ್ದ ಬೆಟಗೇರಿ ಬನಶಂಕರೆವ್ವ ಎದ್ದು ನಿಂತು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಕಟ್ಟಿಮ್ಯಾಲ ಕುಂತೈತಿ ಕರಿ ಬೆಕ್ಕು, ಬಾಬಣ್ಣನ ಹೆಸರ ಹೇಳಾಕ ನನಗೈತಿ ಹಕ್ಕು." ಸಮುದಾಯ ಭವನದ ಸೂರು ಹಾರಿಹೋಗುವಷ್ಟು ನಗು. ಆಮೇಲೆ ಐವತ್ತಾರು ಮಂದಿಯೂ ಒಡಪು. ಎಪ್ಪತ್ತರ ಮುದುಕಿ ಒಬ್ಬಳು ತಪಾಸಣೆ ಬೇಡದಿದ್ದರೂ ಬಂದು, ತೀರಿಹೋದ ಗಂಡನ ಹೆಸರು ಹೇಳಿ ಹೋದಳು. ಕೊನೆಗೆ ನನ್ನನ್ನೂ ಬಿಡಲಿಲ್ಲ. ಫೋನಿನಲ್ಲಿ ದಿನಕ್ಕೆ ಹತ್ತು ಸಲ ಕಿರಣ್, ಕಿರಣ್ ಅನ್ನುವವಳಿಗೆ ಅವರೆದುರು ಕಿರಣಕುಮಾರ ಅನ್ನಲು ನಾಲಿಗೆ ತೊಡರಿತು.

ಪರದೆಯ ಒಳಗೆ ಮೊದಲು ಮುಖ ನೋಡಿದೆ. ಐವತ್ತಾರೂ ಮುಖ. ಆಮೇಲೆ ಟಾರ್ಚ್.

೫ ಮಾರ್ಚ್ ೨೦೨೬, ಗುರುವಾರ. ಮಧ್ಯಾಹ್ನ ೧

ಇದರಲ್ಲಿ ಬರೆಯದೆ ಎಷ್ಟೋ ತಿಂಗಳಾಯಿತು. ಕೆಲಸ. ಟ್ರೈನಿಂಗ್. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ಕ್ಯಾಂಪುಗಳು. ಇವತ್ತಿನದನ್ನು ಈಗಲೇ ಬರೆಯಬೇಕು, ಮುಂದಿನವರು ಬರುವುದರೊಳಗೆ.

ಕೊರ್ಲಹಳ್ಳಿ ಬನಶಂಕರೆವ್ವ ಬಂದಳು. ಒಬ್ಬಳೇ, ಎರಡು ಬಸ್ ಹತ್ತಿ, ನಮ್ಮ ಆರೋಗ್ಯ ಕೇಂದ್ರಕ್ಕೆ. ವರ್ಷದ ತಪಾಸಣೆಗೆ. ದುರ್ಗಾ ಈಗ ಬಸುರಿ ಅಂದಳು, ಐದು ತಿಂಗಳು. ಮೇಜಿನ ಮೇಲೆ ಮಲಗಿ ತಾನೇ ಬಟ್ಟೆ ಹೊದ್ದುಕೊಂಡಳು.

ವಿನೆಗರ್ ಹಚ್ಚಿದೆ. ಗಡಿಯಾರ ನೋಡಿದೆ. ನೂರಾರು ಸಲ ಕಾದ ನಿಮಿಷವೇ, ಇವತ್ತು ಮುಗಿಯಲೊಲ್ಲದು. ಮೂವತ್ತು. ನಲವತ್ತೈದು. ಅರವತ್ತು. ಸಮಾಧಾನ ಆಗಲಿಲ್ಲ, ಇನ್ನೊಂದು ಅರವತ್ತು.

ಗುಲಾಬಿ. ಹತ್ತು ಗಂಟೆಯ ಕಡೆಯೂ ಗುಲಾಬಿ. ಗಾಯದ ಗುರುತೇ ಇಲ್ಲ.

ಹೇಳಿದೆ. "ಅಷ್ಟೊತ್ತು ಏನ ನೋಡ್ತೀರಿ ನೀವು? ನನಗೂ ತೋರಸ್ರಿ" ಅಂದಳು.

ಇದುವರೆಗೆ ಯಾರೂ ಕೇಳಿರಲಿಲ್ಲ. ನನಗೂ ತೋರಿಸಬೇಕು ಅಂತ ಹೊಳೆದಿರಲಿಲ್ಲ. ಬ್ಯಾಗಿನಿಂದ ಕನ್ನಡಿ ತೆಗೆದುಕೊಟ್ಟೆ. ಟಾರ್ಚ್ ಹಿಡಿದೆ. ತಲೆ ಎತ್ತಿ, ಕನ್ನಡಿ ಹಿಂದೆ ಮುಂದೆ ಮಾಡಿ, ಕೊನೆಗೆ ಸಿಕ್ಕಿತು.

"ಇಷ್ಟ ಸಣ್ಣದು?"

"ಹೂಂ ಅಕ್ಕಾ."

"ಇದರಾಗಿಂದ ದುರ್ಗಾ ಬಂದ್ಳು?"

"ಹೂಂ."

ನೋಡಿದಳು. ಇನ್ನೂ ನೋಡಿದಳು. ನಾನೂ ನೋಡಿದೆ, ಇಬ್ಬರೂ ಮೊದಲ ಸಲ ನೋಡಿದವರ ಹಾಗೆ. ಹೊರಗೆ ಯಾರೋ ಬಾಗಿಲು ಬಡಿದರು. ತೆರೆಯಲಿಲ್ಲ.

"ಯಾರಿಗೂ ತೋರಸಬಾರದು ಅಂದಿದ್ರು ನಮ್ಮವ್ವ, ನಮ್ಮತ್ತಿ, ಎಲ್ಲಾರೂ," ಅಂದಳು ಮೆಲ್ಲಗೆ. "ನನಗೂ ತೋರಸಿರ್ಲಿಲ್ಲ ನೋಡ್ರಿ."

ಕನ್ನಡಿ ಕೆಳಗಿಡಲಿಲ್ಲ. ಟಾರ್ಚ್ ಹಿಡಿದ ನನ್ನ ಕೈ ನೋಯುತ್ತಿತ್ತು. ಆದರೂ ನಾನು ಬೆಳಕು ಅಲುಗದಂತೆ ಹಿಡಿದೇ ಇದ್ದೆ, ಅವಳು ನೋಡಿ ಮುಗಿಸುವ ತನಕ.